ಒಂದೇ ಕೋರ್ಟು, ಹನ್ನೆರಡು ಜನ, ಒಂದು ಜಗಳ

ಪ್ರಶ್ನೆ: ಸರ್, ನನಗೆ 56 ವರ್ಷ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಇಲ್ಲೊಂದು ಟೆನಿಸ್ ಕೋರ್ಟ್ ಇದೆ. ಎರಡು ವರ್ಷದ ಹಿಂದೆ ಹನ್ನೆರಡು ಮಂದಿ ಸೇರಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಡಬಲ್ಸ್ ಆಡಲು ಶುರು ಮಾಡಿದೆವು. ಆಗ ತುಂಬ ಚೆನ್ನಾಗಿತ್ತು. ಈಗ ಚೆನ್ನಾಗಿ ಆಡುವ ನಾಲ್ಕೈದು ಜನ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಇಬ್ಬರು ಹೆಂಗಸರು ಬರುತ್ತಿದ್ದರು, ಅವರೂ ನಿಲ್ಲಿಸಿದರು. ಕಳೆದ ತಿಂಗಳು ಒಂದು ಬಾಲ್ ಇನ್ನೋ ಔಟೋ ಅನ್ನುವುದಕ್ಕೆ ಜಗಳವಾಯಿತು. ಒಂದೇ ಮಹಡಿಯಲ್ಲಿರುವ ಇಬ್ಬರು ಗೆಳೆಯರು ಈಗ ಲಿಫ್ಟ್‌ನಲ್ಲಿ ಸಿಕ್ಕರೂ ಮಾತಾಡುತ್ತಿಲ್ಲ. ನನಗೆ ಆಟಕ್ಕಿಂತ ಈ ಗೆಳೆತನ ಬೇಕಿತ್ತು. ಈ ವಯಸ್ಸಿನಲ್ಲಿ ಹೊಸ ಗೆಳೆಯರು ಎಲ್ಲಿ ಸಿಗುತ್ತಾರೆ? ಟೆನಿಸ್ ಸ್ನೇಹ ಬೆಳೆಸುತ್ತದೆ ಅನ್ನುವುದು ಸುಮ್ನೆ ಹೇಳುವ ಮಾತಾ? ಈ ಗುಂಪನ್ನು ಮತ್ತೆ ಕಟ್ಟಬಹುದಾ?

ಉತ್ತರ: ಕಟ್ಟಬಹುದು. ಮೊದಲು ಆ ಬಾಲ್ ವಿಷಯ ಬಿಟ್ಟುಬಿಡಿ. ಅದು ಇನ್ನೋ ಔಟೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಗುಂಪು ಅದರಿಂದ ಒಡೆಯಲೂ ಇಲ್ಲ. ನಾಲ್ಕೈದು ಜನ ತಮ್ಮತಮ್ಮಲ್ಲೇ ಆಡಲು ಶುರು ಮಾಡಿದ ದಿನವೇ ಒಡೆದಿತ್ತು. ಮಿಕ್ಕವರು ಬೆಂಚಿನ ಮೇಲೆ ಕೂತು, ಮೊಬೈಲ್ ನೋಡುವ ಹಾಗೆ ಮಾಡುತ್ತಾ ಒಳಗೊಳಗೇ ಕುದಿಯುತ್ತಿದ್ದರು. ಅಂಥ ಕಡೆ ಜಗಳಕ್ಕೆ ಒಂದು ನೆಪ ಸಾಕು. ಬಾಲ್ ಸಿಕ್ಕಿತು, ಅಷ್ಟೆ.

ಇಂಥ ಗುಂಪುಗಳನ್ನು ತುಂಬ ಕಡೆ ನೋಡಿದ್ದೇನೆ. ಎಲ್ಲ ಕಡೆಯೂ ಒಂದೇ ದೂರು: ‘ಸರ್, ಅವರ ಸ್ವಭಾವವೇ ಸರಿಯಿಲ್ಲ.’ ಸ್ವಭಾವ ಎಲ್ಲರದ್ದೂ ಅಷ್ಟಕ್ಕಷ್ಟೇ ಸ್ವಾಮಿ. ಸ್ವಭಾವ ಬಿಡಿ, ಲೆಕ್ಕ ನೋಡಿ.

ನಿಮ್ಮ ಹತ್ತಿರ ಇರುವುದು ಒಂದು ಕೋರ್ಟು, ಎರಡು ಗಂಟೆ, ಹನ್ನೆರಡು ಜನ. ಆರು ಗೇಮ್‌ಗಳ ಪೂರ್ತಿ ಸೆಟ್ ಆಡಿದರೆ ನಿಮ್ಮಂಥವರಿಗೆ ಹತ್ತಿರ ಹತ್ತಿರ 40 ನಿಮಿಷ ಬೇಕು. ಎರಡು ಗಂಟೆಗೆ ಮೂರೇ ಸೆಟ್. ಒಬ್ಬೊಬ್ಬರಿಗೆ ಒಂದೊಂದು ಸಲ ಆಟ. ಕೊನೆಯ ನಾಲ್ಕು ಜನ ಆರು ಗಂಟೆಗೇ ಎದ್ದು ಬಂದು, ರಾಕೆಟ್ ಹಿಡಿಯಲು ಏಳೂ ಇಪ್ಪತ್ತರವರೆಗೆ ಕಾಯಬೇಕು. ಇದರ ಮೇಲೆ ‘ಗೆದ್ದವರು ಉಳಿಯಲಿ, ಸೋತವರು ಇಳಿಯಲಿ’ ಅನ್ನುವ ಪದ್ಧತಿ ಬೇರೆ ಇದ್ದರೆ ಮುಗಿಯಿತು. ಚೆನ್ನಾಗಿ ಆಡುವವರು ಕೋರ್ಟಿನಿಂದ ಇಳಿಯುವುದೇ ಇಲ್ಲ. ಇದರಲ್ಲಿ ಯಾರ ದುರುದ್ದೇಶವೂ ಬೇಕಿಲ್ಲ, ಪದ್ಧತಿಯೇ ಜನರನ್ನು ಆಚೆ ತಳ್ಳುತ್ತದೆ. ನೀವು ಬರೆದಿಲ್ಲ, ಆದರೂ ನಿಮ್ಮಲ್ಲಿ ಈ ಪದ್ಧತಿ ಇದೆ ಅಂತ ಪಂದ್ಯ ಕಟ್ಟಿ ಹೇಳುತ್ತೇನೆ.

ಅದನ್ನು ತೆಗೆದುಹಾಕಿ. ನಾಲ್ಕು ಗೇಮ್‌ಗಳ ಸಣ್ಣ ಸೆಟ್ ಆಡಿ. ಡ್ಯೂಸ್ ಬಂದರೆ, ಅಂದರೆ 40-40 ಆದರೆ, ಎರಡು ಪಾಯಿಂಟ್ ಮುಂದೆ ಹೋಗುವವರೆಗಿನ ಅಡ್ವಾಂಟೇಜ್ ಎಳೆದಾಟ ಬೇಡ, ಒಂದೇ ಪಾಯಿಂಟ್‌ಗೆ ಗೇಮ್ ಮುಗಿಸಿ. ರಿಸೀವ್ ಮಾಡುವ ಜೋಡಿ ಯಾವ ಕಡೆಯಿಂದ ಆಡುತ್ತೇವೆ ಅಂತ ಆರಿಸಿಕೊಳ್ಳಲಿ. ಹೀಗೆ ಆಡಿದರೆ ಇಪ್ಪತ್ತು ನಿಮಿಷಕ್ಕೊಂದು ಸೆಟ್. ಎರಡು ಗಂಟೆಗೆ ಆರು ಸೆಟ್, ಎಲ್ಲರಿಗೂ ಎರಡೆರಡು ಸಲ ಆಟ. ಸೆಟ್ ಮುಗಿದರೆ ನಾಲ್ಕು ಜನವೂ ಇಳಿಯಬೇಕು, ಗೆದ್ದವರೂ ಸೇರಿ. ಬಂದವರು ಆರೇ ಜನ ಆದರೆ ಇಬ್ಬರು ಇಳಿಯಲಿ, ಉಳಿದ ಇಬ್ಬರು ನೆಟ್‌ನ ಆಚೆ ಒಬ್ಬರು ಈಚೆ ಒಬ್ಬರು ಆಗಲಿ.

ಇನ್ನು ಯಾರು ಯಾರ ಜೊತೆ ಆಡಬೇಕು ಅನ್ನುವ ಪ್ರಶ್ನೆ. ಗುಂಪುಗಳು ಉಳಿಯುವುದೂ ಮುರಿಯುವುದೂ ಇಲ್ಲೇ. ಇದಕ್ಕೆ ಉತ್ತರ ಹೇಳಲು ನಾನು ಸ್ವಲ್ಪ ಹಿಂದೆ ಹೋಗಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಟೆನಿಸ್ ಹೇಳಿಕೊಡುವ ಕೆಲಸ ಕಲಿತದ್ದು ಜಿಲ್ಲಾ ಕೇಂದ್ರಗಳ ಹಳೇ ಕ್ಲಬ್‌ಗಳಲ್ಲಿ. ಎಲ್ಲ ಮಡ್ ಕೋರ್ಟ್, ಮಣ್ಣಿನವು. ಸಂಜೆ ನಾಲ್ಕಕ್ಕೆ ನೀರು ಚಿಮುಕಿಸಿ, ಕಬ್ಬಿಣದ ರೋಲರ್ ಎಳೆದು, ಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ನೀರು ಜಾಸ್ತಿಯಾದರೆ ಕಾಲು ಜಾರುತ್ತದೆ, ಕಮ್ಮಿಯಾದರೆ ಧೂಳೇಳುತ್ತದೆ. ಬರಿಗಾಲಲ್ಲಿ ನಡೆದು ನೋಡಿ, ಹದ ಬಂತು ಅನಿಸಿದ ಮೇಲೆಯೇ ನೆಟ್ ಏರಿಸುವುದು. ಅಲ್ಲಿ ಮಾರ್ಕರ್ ಅಂತ ಒಬ್ಬರು ಇರುತ್ತಿದ್ದರು. ಹಳೇ ಕ್ಲಬ್‌ಗಳಿಗೆ ಹೋದವರಿಗೆ ಗೊತ್ತಿರುತ್ತದೆ. ಕೋರ್ಟ್ ನೋಡಿಕೊಳ್ಳುವುದು, ಮೆಂಬರ್‌ಗಳ ಜೊತೆ ನಾಕ್ ಮಾಡುವುದು (ಸ್ಕೋರ್ ಇಲ್ಲದೆ ಬಾಲ್ ಹೊಡೆದಾಡುವುದು), ಹೊಸಬರಿಗೆ ಹೇಳಿಕೊಡುವುದು, ನಾಲ್ಕನೆಯವರು ಬರದಿದ್ದರೆ ತಾವೇ ಇಳಿದು ಆಡುವುದು, ಎಲ್ಲ ಅವರೇ. ಆದರೆ ಅವರ ದೊಡ್ಡ ಕೆಲಸ ಇನ್ನೊಂದಿತ್ತು. ಯಾರು ಯಾರ ಜೊತೆ ಆಡಬೇಕು ಅಂತ ಹೇಳುತ್ತಿದ್ದವರು ಅವರು. ಮದುವೆ ಊಟದ ಪಂಕ್ತಿಯಲ್ಲಿ ಎಲೆ ತೋರಿಸಿ ಕೂರಿಸುವವರ ಹಾಗೆ, ‘ಸಾರ್, ನೀವು ಡಾಕ್ಟರ್ ಜೊತೆ ಆ ಕಡೆ, ಮೇಷ್ಟ್ರು ಈ ಕಡೆ’ ಅಂತ ನಿಂತಲ್ಲೇ ಜೋಡಿ ಮಾಡಿಬಿಡುತ್ತಿದ್ದರು. ಎಷ್ಟು ದೊಡ್ಡ ಸಾಹೇಬರಾದರೂ ತುಟಿಪಿಟಕ್ಕೆನ್ನದೆ ಹೋಗಿ ನಿಲ್ಲುತ್ತಿದ್ದರು.

ನಾನು ಯುವಕನಾಗಿದ್ದಾಗ ಅಂಥ ಒಬ್ಬ ಮಾರ್ಕರ್ ಪಕ್ಕ ಕೂತು ತುಂಬ ಗಮನಿಸಿದ್ದೇನೆ. ಬೀಡಿ ಕಟ್ಟಿನ ಹಿಂಬದಿಯಲ್ಲಿ ಒಂದು ಪೆನ್ಸಿಲ್ ತುಂಡು ಇಟ್ಟುಕೊಂಡಿರುತ್ತಿದ್ದರು, ಬರೆಯುತ್ತಿದ್ದದ್ದು ಮಾತ್ರ ಅಪರೂಪ. ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದಿಗೇ ಯಾರು ಬಂದರು ಅಂತ ಗೊತ್ತು. ಯಾರಿಗೆ ಆಫೀಸಿನಲ್ಲಿ ಬೈಗುಳ ಬಿದ್ದಿದೆ, ಯಾರ ಮಗಳ ಮದುವೆ ಮಾತು ನಡೆಯುತ್ತಿದೆ, ಯಾರ ಮೊಣಕೈ ನೋಯುತ್ತಿದೆ, ಎಲ್ಲ ತಲೆಯಲ್ಲಿ. ಸಿಟ್ಟಿನಲ್ಲಿ ಬಂದವರನ್ನು ತಾಳ್ಮೆಯವರ ಜೊತೆ ಹಾಕುತ್ತಿದ್ದರು. ಸತತ ಸೋಲುತ್ತಿರುವವರಿಗೆ ಆ ದಿನ ಒಳ್ಳೇ ಪಾರ್ಟ್‌ನರ್ ಸಿಗುವ ಹಾಗೆ ನೋಡಿಕೊಳ್ಳುತ್ತಿದ್ದರು. ಕೇಳಿದರೆ ‘ಏನಿಲ್ಲ ಸಾರ್, ಹಂಗೇ ಹಾಕ್ದೆ’ ಅನ್ನುತ್ತಿದ್ದರು.

ಹಳೆಯದ್ದೆಲ್ಲ ಚಂದ ಅಂತ ಹೇಳುತ್ತಿಲ್ಲ. ಆ ಮಾರ್ಕರ್‌ಗೆ ಕ್ಲಬ್ ಒಳಗಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವ ಅವಕಾಶ ಇರಲಿಲ್ಲ. ಬಾಲ್ ಹೆಕ್ಕುವ ಹುಡುಗರಿಗೆ ಗೇಟಿನ ಹೊರಗಿನ ನಲ್ಲಿಯೇ ಗತಿ. ಎಲ್ಲರ ಸ್ನೇಹ ಕಟ್ಟಿಕೊಟ್ಟವರು ಆ ಸ್ನೇಹದ ಆಚೆಯೇ ನಿಂತಿರುತ್ತಿದ್ದರು. ಇವತ್ತು ನಮ್ಮ ಊರುಗಳಲ್ಲಿ ಒಳ್ಳೇ ಕೋಚ್ ಅನಿಸಿಕೊಂಡವರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಅದೇ ಬಾಲ್ ಬಾಯ್‌ಗಳು. ನಿಮ್ಮ ಅಪಾರ್ಟ್‌ಮೆಂಟಿನ ಕೋರ್ಟ್ ಗುಡಿಸುವ ಹುಡುಗ ಬಿಡುವಿದ್ದಾಗ ಗೋಡೆಗೆ ಬಾಲ್ ಹೊಡೆಯುತ್ತಾನಾ ನೋಡಿ. ಹೊಡೆಯುತ್ತಿದ್ದರೆ ನಾಲ್ಕನೆಯವರು ಬರದ ದಿನ ಅವನನ್ನು ಕರೆಯಿರಿ. ಆಟ ಮುಗಿದ ಮೇಲೆ ಕಾಫಿಗೂ ಕರೆಯಿರಿ.

ಅಪಾರ್ಟ್‌ಮೆಂಟ್ ಕೋರ್ಟುಗಳಲ್ಲಿ ಫ್ಲಡ್‌ಲೈಟ್ ಇದೆ, ಆ್ಯಪ್‌ನಲ್ಲಿ ಸ್ಲಾಟ್ ಬುಕ್ ಮಾಡುವ ಅನುಕೂಲ ಇದೆ. ಮಾರ್ಕರ್ ಮಾತ್ರ ಇಲ್ಲ. ಜೋಡಿ ಯಾರು ಮಾಡಬೇಕು? ಆಡುವವರೇ ಮಾಡಿಕೊಂಡರೆ ಚೆನ್ನಾಗಿ ಆಡುವವರು ಚೆನ್ನಾಗಿ ಆಡುವವರನ್ನೇ ಹುಡುಕುತ್ತಾರೆ. ಅದು ಸಹಜ. ಹಾಗಾಗಿ ನಿಮ್ಮಲ್ಲಿ ಒಬ್ಬರನ್ನು ತಿಂಗಳ ಮಟ್ಟಿಗೆ ಮಾರ್ಕರ್ ಮಾಡಿ. ಆ ತಿಂಗಳು ಅವರು ಹೇಳಿದ ಜೋಡಿಯೇ ಜೋಡಿ, ವಾದ ಇಲ್ಲ. ಮುಂದಿನ ತಿಂಗಳು ಇನ್ನೊಬ್ಬರು. ಮೊದಲ ತಿಂಗಳಿಗೆ ತುಂಬ ಚೆನ್ನಾಗಿ ಆಡುವವರು ಬೇಡ, ಹೊಸಬರೂ ಬೇಡ. ಎಲ್ಲರ ಜೊತೆಯೂ ನಗುನಗುತ್ತಾ ಮಾತಾಡುವ ಮಧ್ಯಮ ಆಟಗಾರರು ಒಬ್ಬರಾದರೂ ಇರುತ್ತಾರಲ್ಲ, ಅವರು ಸರಿ.

ಜೋಡಿ ಮಾಡುವಾಗ ಒಬ್ಬ ಗಟ್ಟಿ ಆಟಗಾರರು, ಒಬ್ಬ ಹೊಸಬರು, ಎರಡೂ ಕಡೆ ಹೀಗೆಯೇ. ಡಬಲ್ಸ್‌ನ ಸೊಗಸೇ ಇದು. ನಾಲ್ವರ ಆಟದಲ್ಲಿ ಎಷ್ಟೇ ವ್ಯತ್ಯಾಸ ಇದ್ದರೂ ಸಮ ಮಾಡಿಬಿಡಬಹುದು. ಆದರೂ ಒಂದು ಕಡೆ ಭಾರ ಜಾಸ್ತಿ ಅನಿಸಿದರೆ ಹ್ಯಾಂಡಿಕ್ಯಾಪ್ ಇಡಿ, ಅಂದರೆ ಗಟ್ಟಿ ಜೋಡಿಗೆ ಮೊದಲೇ ಸ್ವಲ್ಪ ಹಿನ್ನಡೆ ಕೊಡಿ. ಅವರು ಪ್ರತಿ ಗೇಮನ್ನೂ 0-15ರಿಂದ, ಒಂದು ಪಾಯಿಂಟ್ ಹಿಂದೆ ಇದ್ದುಕೊಂಡು ಶುರು ಮಾಡಲಿ, ಅಥವಾ ಅವರಿಗೆ ಎರಡರ ಬದಲು ಒಂದೇ ಸರ್ವ್ ಕೊಡಿ. ಇದು ನಾನು ಕಂಡುಹಿಡಿದದ್ದಲ್ಲ, 19ನೇ ಶತಮಾನದ ಕೊನೆಯಲ್ಲೇ ಇಂಗ್ಲೆಂಡಿನ ಟೂರ್ನಿಗಳಲ್ಲಿ ಹ್ಯಾಂಡಿಕ್ಯಾಪ್ ಆಟ ಬಳಕೆಯಲ್ಲಿತ್ತು. ಆಗ ಯಾರಿಗೂ ಅವಮಾನ ಅನಿಸಿರಲಿಲ್ಲ, ಈಗ ಯಾಕೆ ಅನಿಸಬೇಕು?

ಒಂದು ಮಾತು ಆ ನಾಲ್ಕೈದು ಜನರ ಪರವಾಗಿಯೂ ಹೇಳಬೇಕು. ಚೆನ್ನಾಗಿ ಆಡುವವರಿಗೆ ಬಿರುಸಿನ ಆಟ ಬೇಕು ಅನಿಸುವುದು ತಪ್ಪಲ್ಲ. ಅವರೂ ಬೆಳಿಗ್ಗೆ ಐದೂವರೆಗೆ ಅಲಾರಂ ಇಟ್ಟುಕೊಂಡು ಏಳುವವರೇ. ವಾರವಿಡೀ ಹೊಸಬರ ಜೊತೆ ಆಡಿ ಅಂದರೆ ಅವರು ದುಡ್ಡು ಕೊಟ್ಟು ಬೇರೆ ಕೋರ್ಟ್ ಹುಡುಕಿಕೊಂಡು ಹೋಗುತ್ತಾರೆ, ಹೋದರೆ ನಿಮಗೇ ನಷ್ಟ. ವಾರದಲ್ಲಿ ಒಂದೋ ಎರಡೋ ದಿನ ಅವರಿಗೆ ಬಿಟ್ಟುಕೊಡಿ. ಆ ದಿನ ಪೂರ್ತಿ ಸೆಟ್ ಆಡಲಿ, ಕಿರುಚಲಿ, ಬೆವರು ಹರಿಸಲಿ. ಮಿಕ್ಕ ದಿನ ಮಾರ್ಕರ್ ಮಾತು. ಇದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಬರೆಯಬೇಡಿ. ಬರೆದದ್ದು ಓದುವಾಗ ದನಿ ಕೇಳಿಸುವುದಿಲ್ಲ. ಸಾಧಾರಣ ಮಾತೂ ಆರೋಪದ ಹಾಗೆ ಕಾಣುತ್ತದೆ.

ಹೆಂಗಸರು ಯಾಕೆ ನಿಲ್ಲಿಸಿದರು ಅಂತ ಯಾರಾದರೂ ಕೇಳಿದಿರಾ? ನಿಮ್ಮ ಪತ್ರದಲ್ಲಿ ‘ಅವರೂ ನಿಲ್ಲಿಸಿದರು’ ಅಂತ ಅಷ್ಟೇ ಇದೆ. ಬೆಳಿಗ್ಗೆ ಆರರಿಂದ ಎಂಟು ಅಂದರೆ ನಮ್ಮ ಬಹಳ ಮನೆಗಳಲ್ಲಿ ಡಬ್ಬಿ ಕಟ್ಟುವ, ಸ್ಕೂಲ್ ವ್ಯಾನ್‌ಗೆ ಓಡುವ ಹೊತ್ತು. ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾಯುವಷ್ಟು ಪುರುಸೊತ್ತು ಯಾರಿಗಿದೆ? ಅವರಿಗೆ ಹೊಂದುವ ಹೊತ್ತನ್ನು ಅವರನ್ನೇ ಕೇಳಿ. ಇನ್ನೊಂದು ಕಾರಣವೂ ಇರಬಹುದು. ಮಿಕ್ಸೆಡ್ ಡಬಲ್ಸ್‌ನಲ್ಲಿ ಗಂಡಸರು ಎರಡು ಥರ ತಪ್ಪು ಮಾಡುತ್ತಾರೆ. ಕೆಲವರು ಗೆಲ್ಲಬೇಕು ಅಂತ ಎಲ್ಲ ಬಾಲನ್ನೂ ಹೆಂಗಸರಿಗೇ ಹೊಡೆಯುತ್ತಾರೆ. ಇನ್ನು ಕೆಲವರು ಪಾಪ ಅಂತ ಮೆಲ್ಲಗೆ ಮೆತ್ತಗೆ ಹಾಕುತ್ತಾರೆ. ಎರಡನೆಯದೇ ಜಾಸ್ತಿ ಸಿಟ್ಟು ಬರಿಸುತ್ತದೆ ಅಂತ ನನ್ನ ಹತ್ತಿರ ಕಲಿತ ಹೆಣ್ಣುಮಕ್ಕಳು ಹೇಳಿದ್ದಾರೆ. ಪಾರ್ಟ್‌ನರ್ ಬಾಲನ್ನು ಅಡ್ಡ ಬಂದು ಹೊಡೆಯುವ ಗಂಡಸರದ್ದಂತೂ ಕೇಳಲೇಬೇಡಿ. ಅವರ ಪಾಲಿನ ಬಾಲ್ ಅವರಿಗೆ ಬಿಡಿ, ಅಷ್ಟು ಸಾಕು.

ಈಗ ಗೆರೆಯ ವಿಷಯ. ಜಗಳದ ಮೂಲ ಅದಲ್ಲ ಅಂದೆ, ಆದರೂ ಇದಕ್ಕೊಂದು ಗಟ್ಟಿ ಪದ್ಧತಿ ಇಲ್ಲದಿದ್ದರೆ ಮತ್ತೆ ಅಲ್ಲಿಗೇ ಬರುತ್ತೀರಿ. ಅಂಪೈರ್ ಇಲ್ಲದ ಆಟಕ್ಕೆ ಟೆನಿಸ್‌ನಲ್ಲಿ ಸ್ಪಷ್ಟ ನಿಯಮಗಳಿವೆ. ನಿಮ್ಮ ಕಡೆ ಬಿದ್ದ ಬಾಲನ್ನು ನೀವೇ ಹೇಳಬೇಕು, ಅವರ ಕಡೆಯದ್ದನ್ನು ಅವರು. ಗೆರೆಗೆ ಕೂದಲೆಳೆಯಷ್ಟು ತಾಗಿದರೂ ಅದು ಇನ್. ಹೇಳುವುದಿದ್ದರೆ ತಕ್ಷಣ ಹೇಳಬೇಕು, ಎದುರಿನವರಿಗೆ ಕೇಳುವ ಹಾಗೆ. ಖಚಿತವಾಗಿ ಕಾಣಲಿಲ್ಲ ಅಂದರೆ ಅನುಮಾನದ ಲಾಭ ಎದುರಿನವರಿಗೆ, ಬಾಲ್ ಇನ್. ಔಟ್ ಅಂದುಬಿಟ್ಟು, ಆಮೇಲೆ ‘ಅಯ್ಯೋ, ಇನ್ ಇತ್ತಲ್ಲ’ ಅನಿಸಿದರೆ ಮೊದಲ ಸಲ ಆ ಪಾಯಿಂಟ್ ಮತ್ತೆ ಆಡಬಹುದು, ಎದುರಿನವರ ಹೊಡೆತ ಪಾಯಿಂಟ್ ಗೆಲ್ಲುವಂಥದ್ದಾಗಿರದಿದ್ದರೆ. ಅದೇ ಪಂದ್ಯದಲ್ಲಿ ಎರಡನೇ ಸಲ ಹಾಗಾದರೆ ಪಾಯಿಂಟ್ ಹೋಯಿತು. ಡಬಲ್ಸ್‌ಗೆ ನಾನು ಇನ್ನೊಂದು ಸೇರಿಸುತ್ತೇನೆ: ಪಾರ್ಟ್‌ನರ್‌ಗಳಲ್ಲಿ ಒಬ್ಬರು ಇನ್, ಒಬ್ಬರು ಔಟ್ ಅಂದರೆ ಅದು ಇನ್. ಬೆಂಚಿನ ಮೇಲೆ ಕೂತವರು ಬಾಯಿ ಬಿಡಬಾರದು, ಕೇಳಿದರೂ ಸರಿ.

ಮಡ್ ಕೋರ್ಟ್‌ನಲ್ಲಿ ಈ ತಾಪತ್ರಯ ಕಮ್ಮಿ. ಬಾಲ್ ಬಿದ್ದ ಕಡೆ ಉದ್ದನೆಯ ಮೊಟ್ಟೆಯಾಕಾರದ ಗುರುತು ಉಳಿಯುತ್ತದೆ. ಇಬ್ಬರು ಹಿರಿಯರು ಸೊಂಟ ಹಿಡಿದುಕೊಂಡು ಬಗ್ಗಿ, ಕನ್ನಡಕ ಹಣೆಗೇರಿಸಿ, ರಾಕೆಟ್ ತುದಿಯಿಂದ ಆ ಗುರುತಿನ ಸುತ್ತ ಗೆರೆ ಎಳೆದು, ‘ಇದು ನಿಮ್ದಲ್ಲ ರೀ, ಹಿಂದಿನ ಪಾಯಿಂಟ್‌ದು’ ಅಂತ ವಾದ ಮಾಡುವುದನ್ನು ನೀವು ನೋಡಬೇಕು. ಬಗ್ಗಿ ನೋಡಿ ಮೇಲೆ ಏಳುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ, ಇನ್ನರ್ಧ ಸೊಂಟ ನೋವಿನಲ್ಲಿ ಮರೆತುಹೋಗುತ್ತದೆ. ನಿಮ್ಮದು ಹಾರ್ಡ್ ಕೋರ್ಟ್. ಅಲ್ಲಿ ಗುರುತು ಇಲ್ಲ, ಕಣ್ಣೇ ಸಾಕ್ಷಿ. ಆ ಕಣ್ಣೋ, ಓಡುತ್ತಾ ನೋಡುವ 50 ದಾಟಿದ ಕಣ್ಣು. ವಿಂಬಲ್ಡನ್‌ನವರೇ 2025ರಿಂದ ಲೈನ್ ಅಂಪೈರ್‌ಗಳನ್ನು ತೆಗೆದು ಎಲೆಕ್ಟ್ರಾನಿಕ್ ವ್ಯವಸ್ಥೆ ಇಟ್ಟುಕೊಂಡಿದ್ದಾರೆ. ತರಬೇತಿ ಪಡೆದು, ಗೆರೆಯ ನೇರಕ್ಕೆ ಅಲುಗಾಡದೆ ನಿಂತವರ ಕಣ್ಣೇ ತಪ್ಪುವುದಾದರೆ ನಿಮ್ಮದು, ನನ್ನದು ಎಷ್ಟು ಅಲ್ವಾ? ಔಟ್ ಅಂದವರು ಮೋಸ ಮಾಡಿದರು ಅಂದುಕೊಳ್ಳುವುದೇ ಜಗಳಕ್ಕೆ ದಾರಿ. ಬಹಳ ಸಲ ಅವರಿಗೆ ನಿಜವಾಗಿಯೂ ಹಾಗೇ ಕಂಡಿರುತ್ತದೆ.

ಮಾತು ಬಿಟ್ಟ ಆ ಇಬ್ಬರನ್ನು ಏನು ಮಾಡುವುದು? ದಯವಿಟ್ಟು ರಾಜಿ ಪಂಚಾಯಿತಿ ಮಾಡಬೇಡಿ. ಎದುರುಬದುರು ಕೂರಿಸಿ ‘ಕೈ ಕುಲುಕಿ’ ಅಂದರೆ ಕುಲುಕುತ್ತಾರೆ, ಮನಸ್ಸು ಅಲ್ಲೇ ಇರುತ್ತದೆ. ಸಾರಿ ಕೇಳಿಸುವುದಂತೂ ಬೇಡವೇ ಬೇಡ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆಯಿರಿ. ಮೊದಲ ಒಂದೆರಡು ವಾರ ಬೇರೆ ಬೇರೆ ಸೆಟ್‌ಗಳಲ್ಲಿ ಆಡಲಿ. ಆಮೇಲೆ ಒಂದು ದಿನ ಮಾರ್ಕರ್ ಇಬ್ಬರನ್ನೂ ನೆಟ್‌ನ ಒಂದೇ ಕಡೆ ಹಾಕಲಿ, ಪಾರ್ಟ್‌ನರ್‌ಗಳಾಗಿ. ಎದುರಾಳಿಗಳಾಗಿ ಮಾತ್ರ ಬೇಡ. ಪಾರ್ಟ್‌ನರ್‌ಗಳಾಗಿ ನಿಂತರೆ ಮಾತಾಡದೆ ಗತಿಯಿಲ್ಲ. ಎದುರಿನವರು ಎತ್ತರಕ್ಕೆ ಎತ್ತಿ ಹೊಡೆದ ಲಾಬ್ ತಲೆಯ ಮೇಲೆ ಬಂದಾಗ ‘ನನ್ದು’ ಅಂತಲೋ ‘ನಿಮ್ದು’ ಅಂತಲೋ ಯಾರಾದರೂ ಕೂಗಲೇಬೇಕು. ಕೂಗದಿದ್ದರೆ ಬಾಲ್ ಇಬ್ಬರ ಮಧ್ಯೆ ಬೀಳುತ್ತದೆ, ಇಲ್ಲವೇ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ. ‘ನಿಮ್ದು’ ಅಂತ ಮೊದಲ ಸಲ ಬಾಯಿಂದ ಬಂದರೆ ಮುಂದಿನದ್ದು ಸುಲಭ. ಎಲ್ಲರ ಮೇಲೂ ಇದು ಕೆಲಸ ಮಾಡುತ್ತದೆ ಅಂತಲ್ಲ. ಜಮೀನಿನ ವ್ಯಾಜ್ಯ ಇದ್ದ ಇಬ್ಬರು ಮೂರು ಸೆಟ್ ಒಟ್ಟಿಗೆ ಆಡಿ, ಗೆದ್ದು, ಒಬ್ಬರ ಮುಖ ಒಬ್ಬರು ನೋಡದೆ ಬ್ಯಾಗ್ ಹೆಗಲಿಗೇರಿಸಿಕೊಂಡು ಹೋದದ್ದನ್ನೂ ನೋಡಿದ್ದೇನೆ.

ಟೆನಿಸ್ ಸ್ನೇಹ ಬೆಳೆಸುತ್ತದೆಯಾ ಅಂತ ಕೇಳಿದಿರಿ. ದೊಡ್ಡವರ ಉದಾಹರಣೆ ತೆಗೆದುಕೊಂಡರೆ ಎರಡೂ ಕಡೆ ಸಾಕ್ಷಿ ಇದೆ. ಲಿಯಾಂಡರ್ ಪೇಸ್, ಮಹೇಶ್ ಭೂಪತಿ 1999ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಡಬಲ್ಸ್ ಫೈನಲ್‌ಗೆ ಹೋಗಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಗೆದ್ದರು. ಅವರಿಬ್ಬರ ಮುನಿಸು ದೇಶಕ್ಕೆಲ್ಲ ಗೊತ್ತಿತ್ತು. ಬೇರೆಯಾದರು, ಮತ್ತೆ ಸೇರಿದರು, 2011ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದರು. ಅಂದರೆ ಗೆಲ್ಲುವುದಕ್ಕೆ ಸ್ನೇಹ ಬೇಕೇ ಬೇಕು ಅಂತಿಲ್ಲ. ಇನ್ನೊಂದು ಕಡೆ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ‘ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ’ ಅನ್ನುವ ಘೋಷಣೆಯ ಬಟ್ಟೆ ತೊಟ್ಟು ಆಡುತ್ತಿದ್ದ ಜೋಡಿ. 2010ರ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಅಮೆರಿಕದ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ವರೆಗೆ, ಅಂದರೆ 6-6ರವರೆಗೆ ಎಳೆದು ಸೋತರು. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಬಂದು ಪಂದ್ಯ ನೋಡಿದ್ದರು. ಟ್ರೋಫಿ ಯಾರಿಗೆ ಹೋಯಿತು ಅನ್ನುವುದಕ್ಕಿಂತ ಈ ಜೋಡಿಯೇ ಇವತ್ತಿಗೂ ಜನರ ನೆನಪಿನಲ್ಲಿದೆ.

ಬೋಪಣ್ಣ ಅವರದ್ದು ನಿಮಗೆ ಇನ್ನೊಂದು ಕಾರಣಕ್ಕೂ ಮುಖ್ಯ. 2024ರಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. 1968ರಲ್ಲಿ ವೃತ್ತಿಪರರಿಗೂ ಆಡಲು ಬಿಟ್ಟ ಮೇಲೆ, ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯರು ಅವರೇ ಆದರು. ಡಬಲ್ಸ್ ವಯಸ್ಸಿಗೆ ಹೊಂದುವ ಆಟ. ಸಿಂಗಲ್ಸ್‌ನಲ್ಲಿ 8.23 ಮೀಟರ್ ಅಗಲವನ್ನು ಒಬ್ಬರೇ ಕಾಯಬೇಕು. ಡಬಲ್ಸ್‌ನಲ್ಲಿ ಕೋರ್ಟ್ 10.97 ಮೀಟರ್ ಆದರೂ ತಲಾ ಐದೂವರೆ ಮೀಟರ್‌ನಷ್ಟು ನೋಡಿಕೊಂಡರೆ ಸಾಕು. ಕಾಲಿನ ವೇಗ ಇಳಿದಷ್ಟೂ ತಲೆ ಓಡಿಸಬಹುದು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ನಡೆಸುವ ಹಿರಿಯರ ಟೂರ್ನಿಗಳಲ್ಲಿ 30ರಿಂದ ಶುರುವಾಗಿ 90 ದಾಟಿದವರವರೆಗೂ ವಿಭಾಗಗಳಿವೆ. ನೀವು 56ಕ್ಕೆ ‘ಈ ವಯಸ್ಸಿನಲ್ಲಿ’ ಅಂತ ಬರೆದದ್ದು ಓದಿ ನಗು ಬಂತು.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು ಎಂಟೂವರೆ ಸಾವಿರ ಜನರನ್ನು 25 ವರ್ಷದವರೆಗೆ ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೂತೇ ಇರುವವರಿಗಿಂತ ಟೆನಿಸ್ ಆಡುವವರು ಸರಾಸರಿ 9.7 ವರ್ಷ ಜಾಸ್ತಿ ಬದುಕಿದ್ದು ಕಂಡುಬಂತು. ಬ್ಯಾಡ್ಮಿಂಟನ್‌ನವರು 6.2, ಜಾಗಿಂಗ್‌ನವರು 3.2, ಜಿಮ್‌ಗೆ ಹೋಗುವವರು 1.5. ಟೆನಿಸ್ ಆಡಿದ್ದರಿಂದಲೇ ಆಯಸ್ಸು ಬಂತು ಅಂತ ಇದರಿಂದ ಹೇಳಲಾಗದು. ಟೆನಿಸ್ ಆಡುವವರು ಮೊದಲೇ ಅನುಕೂಲಸ್ಥರೂ ಆರೋಗ್ಯವಂತರೂ ಆಗಿರಬಹುದು. ಆದರೆ ಆ ಸಂಶೋಧಕರು ಗಮನಿಸಿದ ಒಂದು ಅಂಶ ನನಗೆ ಹಿಡಿಸಿತು: ಜೊತೆಗೆ ಜನ ಬೇಕಾದ ಆಟಗಳೇ ಪಟ್ಟಿಯ ಮೇಲೆ ಇದ್ದವು. ಜಾಗಿಂಗ್‌ಗೆ ನೀವು ಹೋಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಡಬಲ್ಸ್‌ಗೆ ಹೋಗದಿದ್ದರೆ ಮೂರು ಜನ ಕೋರ್ಟಿನಲ್ಲಿ ನಿಂತು ನಿಮಗೆ ಫೋನ್ ಮಾಡುತ್ತಾರೆ. ಬೈದುಕೊಂಡೇ ಮಾಡಲಿ, ಮಾಡುತ್ತಾರಲ್ಲ.

ಅದಕ್ಕೇ ಬರುತ್ತೇನೆ ಅಂದ ಮೇಲೆ ಬರಬೇಕು. ನನ್ನ ಪ್ರಕಾರ ಗುಂಪಿನಲ್ಲಿ ಒಳ್ಳೇ ಫೋರ್‌ಹ್ಯಾಂಡ್ ಇರುವವರಿಗಿಂತ ಹೇಳಿದ ಹೊತ್ತಿಗೆ ಬರುವವರಿಗೆ ಬೆಲೆ ಜಾಸ್ತಿ. ಬರಲು ಆಗದಿದ್ದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳಿಬಿಡಬೇಕು. ಬೆಳಿಗ್ಗೆ ಐದೂ ಐವತ್ತಕ್ಕೆ ‘ಸಾರಿ, ಮೈ ಹುಷಾರಿಲ್ಲ’ ಅಂತ ಮೆಸೇಜ್ ಹಾಕುವವರಿಗೆ ಒಂದು ಡಬ್ಬ ಬಾಲ್ ದಂಡ ಹಾಕಿ. ತಮಾಷೆಯಾಗಿಯೇ ಹಾಕಿ, ವಸೂಲಿ ಮಾತ್ರ ಬಿಡಬೇಡಿ.

ಬಾಲ್ ಅಂದಾಗ ನೆನಪಾಯಿತು, ಇದೂ ಒಂದು ಮುನಿಸಿನ ಮೂಲ. ಡಬ್ಬದಲ್ಲಿ ಮೂರು ಬಾಲ್. ಡಬ್ಬ ತೆರೆದ ಕ್ಷಣದಿಂದ ಒಳಗಿನ ಒತ್ತಡ ಇಳಿಯಲು ಶುರು. ಹಾರ್ಡ್ ಕೋರ್ಟ್‌ನಲ್ಲಿ ಮೇಲಿನ ಉಣ್ಣೆಯೂ ಬೇಗ ಸವೆಯುತ್ತದೆ. ಯಾವಾಗಲೂ ಒಬ್ಬರೇ ಹೊಸ ಡಬ್ಬ ತೆರೆಯುತ್ತಿದ್ದರೆ, ಅವರು ಬಾಯಿ ಬಿಟ್ಟು ಹೇಳದಿದ್ದರೂ ಲೆಕ್ಕ ಇಟ್ಟಿರುತ್ತಾರೆ. ತಿಂಗಳಿಗೆ ಇಷ್ಟು ಅಂತ ಎಲ್ಲರೂ ಹಾಕಿ ಒಟ್ಟಿಗೆ ತರಿಸಿಬಿಡಿ. ಹೊಸಬರಿಗೆ, ಮೊಣಕೈ ನೋವಿರುವವರಿಗೆ ಹಸಿರು ಚುಕ್ಕೆಯ ಬಾಲ್ ಇಡಿ. ಮಾಮೂಲಿ ಬಾಲ್‌ಗಿಂತ ಶೇಕಡ 25ರಷ್ಟು ನಿಧಾನ. ‘ಇದು ಮಕ್ಕಳ ಬಾಲ್ ಅಲ್ವಾ’ ಅಂತ ಮೂಗು ಮುರಿಯುತ್ತಾರೆ, ಆಡಿದ ಮೇಲೆ ಸುಮ್ಮನಾಗುತ್ತಾರೆ. ರ‍್ಯಾಲಿ ಉದ್ದ ಆಗುತ್ತದೆ, ಉದ್ದ ರ‍್ಯಾಲಿ ಆಡಿದವರಿಗೆ ನಾಳೆ ಮತ್ತೆ ಬರೋಣ ಅನಿಸುತ್ತದೆ. ಟೆನಿಸ್ ಎಲ್ಬೋ ಇರುವವರು ಪಾಲಿಯೆಸ್ಟರ್ ಸ್ಟ್ರಿಂಗ್ ಬಿಟ್ಟು ಮೆದುವಾದ ಸ್ಟ್ರಿಂಗ್ ಹಾಕಿಸಿ, ಬಿಗಿ ಸ್ವಲ್ಪ ಇಳಿಸಲಿ. ಹಾಗೇ ಬಂದು ನೇರವಾಗಿ ಸರ್ವ್‌ಗೆ ಇಳಿಯಬೇಡಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮೀನಖಂಡ ಹಿಡಿಯುತ್ತದೆ.

ಆಟದ ಆಮೇಲಿನ ಅರ್ಧ ಗಂಟೆಯ ಬಗ್ಗೆ ನೀವು ಏನೂ ಬರೆದಿಲ್ಲ. ಎಂಟಕ್ಕೆ ಎಲ್ಲರೂ ಬ್ಯಾಗ್ ಎತ್ತಿಕೊಂಡು ತಮ್ಮತಮ್ಮ ಟವರ್‌ಗೆ ಹೋಗುತ್ತೀರಿ ಅನಿಸುತ್ತದೆ. ಹಾಗಾದರೆ ಸ್ನೇಹ ಯಾವಾಗ ಆಗಬೇಕು? ಆಡುವಾಗ ಮಾತಿಗೆ ಪುರುಸೊತ್ತು ಇರುವುದಿಲ್ಲ. ಏಳೂವರೆಗೆ ಆಟ ನಿಲ್ಲಿಸಿ. ಕಮ್ಮಿ ಆಡಿದರೆ ನಷ್ಟ ಇಲ್ಲ. ಹತ್ತಿರದ ದರ್ಶಿನಿಗೆ ನಡೆದುಕೊಂಡು ಹೋಗಿ, ಎತ್ತರದ ಸ್ಟೀಲ್ ಟೇಬಲ್ ಸುತ್ತ ನಿಂತು ಬೈಟು ಕಾಫಿ ಕುಡಿಯಿರಿ. ಅಲ್ಲಿ ಮೊದಲ ಐದು ನಿಮಿಷ ಆ ಡಬಲ್ ಫಾಲ್ಟ್, ಈ ಮಿಸ್ಸಾದ ವಾಲಿ. ಆಮೇಲೆ ಯಾರೋ ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಅಮ್ಮನ ಕಣ್ಣಿನ ಆಪರೇಷನ್‌ಗೆ ಯಾವ ಡಾಕ್ಟರ್ ಒಳ್ಳೆಯವರು ಅಂತ ಕೇಳುತ್ತಾರೆ. ನನ್ನ ಜೊತೆ ಆಡುತ್ತಿದ್ದ ಬ್ಯಾಂಕಿನವರೊಬ್ಬರು ಮೊಣಕಾಲಿನ ಆಪರೇಷನ್ ಆದ ಮೇಲೆ ಆಟ ಬಿಟ್ಟರು, ಕಾಫಿ ಬಿಡಲಿಲ್ಲ. ದಿನಾ ಬಂದು ಬೆಂಚಿನ ಮೇಲೆ ಕೂತು ಸ್ಕೋರ್ ಹೇಳುತ್ತಿದ್ದರು, ಜೋಡಿ ಮಾಡುತ್ತಿದ್ದರು. ಆ ಕ್ಲಬ್ಬಿಗೆ ಸಿಕ್ಕ ಅತ್ಯುತ್ತಮ ಮಾರ್ಕರ್ ಅವರೇ. ನಿಮ್ಮಲ್ಲೂ ಯಾರಾದರೂ ಆಟ ನಿಲ್ಲಿಸಿದರೆ ವಾಟ್ಸ್‌ಆ್ಯಪ್ ಗ್ರೂಪ್‌ನಿಂದ ತೆಗೆಯಬೇಡಿ, ಕೆಲಸ ಕೊಡಿ.

ಎಲ್ಲ ಒಟ್ಟಿಗೆ ಮಾಡಲು ಹೋಗಬೇಡಿ. ಈ ಭಾನುವಾರಕ್ಕೆ ಆರೇಳು ಜನರಿಗೆ ನೀವೇ ಫೋನ್ ಮಾಡಿ ಕರೆಯಿರಿ, ಸಣ್ಣ ಸೆಟ್ ಆಡಿಸಿ, ಕಾಫಿಗೆ ಕರೆದುಕೊಂಡು ಹೋಗಿ. ಮಾರ್ಕರ್ ವಿಷಯ ಅಲ್ಲಿ ಎತ್ತಿ.

ಅದಕ್ಕೂ ಮುಂಚೆ ನೆಟ್ ಎತ್ತರ ನೋಡಿ. ಅಪಾರ್ಟ್‌ಮೆಂಟ್‌ಗಳಲ್ಲಿ ಮಧ್ಯದ ಪಟ್ಟಿಯನ್ನು ಯಾರೂ ಕಟ್ಟಿರುವುದಿಲ್ಲ, ನೆಟ್ ಎರಡೂ ಕಂಬದಿಂದ ಬಿಗಿಯಾಗಿ ಎಳೆದು ನಿಂತಿರುತ್ತದೆ. ಕಂಬದ ಹತ್ತಿರ 1.07 ಮೀಟರ್ ಸರಿ, ಆದರೆ ಮಧ್ಯದಲ್ಲಿ 91.4 ಸೆಂಟಿಮೀಟರ್ ಮಾತ್ರ ಇರಬೇಕು. ಟೇಪ್ ಇಲ್ಲದಿದ್ದರೆ ಒಂದು ರಾಕೆಟ್ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಇನ್ನೊಂದು ರಾಕೆಟ್‌ನ ತಲೆಯನ್ನು ಅಡ್ಡಕ್ಕೆ ಇಡಿ. ಹೆಚ್ಚುಕಮ್ಮಿ ಅದೇ ಅಳತೆ. ಮಧ್ಯದಲ್ಲಿ ನಾಲ್ಕು ಬೆರಳು ಎತ್ತರ ಇದ್ದರೂ ಹೊಸಬರ ಅರ್ಧ ಬಾಲ್ ನೆಟ್‌ಗೇ ಹೋಗುತ್ತದೆ, ಅವರು ತಮಗೆ ಆಟವೇ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಪಟ್ಟಿ ಇಲ್ಲದಿದ್ದರೆ ಶನಿವಾರವೇ ಒಂದು ತರಿಸಿ ಕಟ್ಟಿಸಿ.